ಕಡತಕ್ಕೆ ಕಾಲ ಗೊತ್ತಿಲ್ಲ

1989ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಸ್ಪಾರ್ಕ್‌ಸ್ಟೇಷನ್ 1 ಎಂಬ ಯಂತ್ರದಲ್ಲಿ ಸದ್ದು ಹೊರಡಿಸಲು ಪ್ರೋಗ್ರಾಂ ಬರೆಯಬೇಕಾಗಿಯೇ ಇರಲಿಲ್ಲ. ಯುನಿಕ್ಸ್ ಕಲಿಯುವವರು ಮೊದಲ ದಿನವೇ ಕಲಿಯುವ ‘ಕ್ಯಾಟ್’ ಎಂಬ ಆಜ್ಞೆ ಸಾಕಿತ್ತು. ಕ್ಯಾಟ್‌ಗೆ ಗೊತ್ತಿರುವುದು ಒಂದೇ ಕೆಲಸ: ಕಡತವನ್ನು ಓದಿ, ಓದಿದ್ದನ್ನು ಹೇಳಿದ ಕಡೆ ಸುರಿಯುವುದು. ಮುದ್ರಿಸಿಟ್ಟ ಮಾತಿನ ಕಡತವೊಂದನ್ನು ಅದಕ್ಕೆ ಕೊಟ್ಟು ‘/ಡೆವ್/ಆಡಿಯೊ’ ಎಂಬ ಹೆಸರಿನತ್ತ ಸುರಿ ಎಂದರೆ ಯಂತ್ರ ಮಾತಾಡುತ್ತಿತ್ತು. ಮಾತಿಗೆ ಮೊದಲು ‘ಟಪ್’ ಎಂಬ ಪುಟ್ಟ ಸದ್ದೊಂದು ಬರುವುದಿತ್ತು. ಇದು ಯಾವ ಬಗೆಯ ಧ್ವನಿ ಎಂಬ ವಿವರ ಕಡತದ ತಲೆಯಲ್ಲಿ ಕನಿಷ್ಠ 24 ಬೈಟ್‌ಗಳಷ್ಟು ಇರುತ್ತಿತ್ತು. ಕ್ಯಾಟ್‌ಗೆ ತಲೆಯೂ ಒಂದೇ, ಒಡಲೂ ಒಂದೇ. ವಿವರವನ್ನೂ ಧ್ವನಿಯೊಂದಿಗೇ ಸುರಿದುಬಿಡುತ್ತಿತ್ತು. ಆ ‘ಟಪ್’ ಸೆಕೆಂಡಿನ ಸಾವಿರದಲ್ಲಿ ಮೂರು ಭಾಗದಷ್ಟು ಹೊತ್ತಿನ ಸದ್ದು.

ಹೊಸ ಸಾಧನ ಬಂದರೂ ಹಳೆಯ ಆಜ್ಞೆಯೇ ಸಾಕಾದದ್ದು ಅದೃಷ್ಟದಿಂದಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟತೊಡಗಿದಾಗಿನಿಂದ ಅದರ ಬೆನ್ನೆಲುಬಾಗಿರುವ ಆಲೋಚನೆಯೊಂದಿದೆ: ಸಾಧನಗಳೂ ಕಡತಗಳಂತೆಯೇ ಕಾಣಿಸಲಿ. ಮುದ್ರಕವಿರಲಿ, ಟೇಪ್ ಇರಲಿ, ದೂರದ ಟರ್ಮಿನಲ್ ಇರಲಿ, ಪ್ರೋಗ್ರಾಂ ಬರೆಯುವವರಿಗೆ ತೆರೆ, ಓದು, ಬರೆ, ಮುಚ್ಚು ಎಂಬ ನಾಲ್ಕು ಕ್ರಿಯಾಪದಗಳು ಸಾಕು. ಸಾಧನದ ಒಳಗುಟ್ಟು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಹೊಣೆ. ಗಣಕ ವಿಜ್ಞಾನದಲ್ಲಿ ಇಷ್ಟು ಚಿಕ್ಕದಾಗಿದ್ದೂ ಇಷ್ಟು ದೂರ ನಡೆದುಬಂದ ಆಲೋಚನೆಗಳು ಹೆಚ್ಚಿಲ್ಲ. ಆದರೆ ಧ್ವನಿಯ ವಿಷಯದಲ್ಲಿ ಅದು ನಡೆದದ್ದು ಅರ್ಧ ದಾರಿ ಮಾತ್ರ. ಉಳಿದರ್ಧವನ್ನು ಕ್ರಮಿಸಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಈ ಅಧ್ಯಾಯ ಆ ಅರ್ಧ ದಾರಿಯ ಕಥೆ.

ಸ್ಪಾರ್ಕ್‌ಸ್ಟೇಷನ್‌ನಲ್ಲಿದ್ದದ್ದು ಡಿಜಿಟಲ್ ದೂರವಾಣಿಗೆಂದು ತಯಾರಾದ ಚಿಪ್. ಸೆಕೆಂಡಿಗೆ 8,000 ಸಲ ಧ್ವನಿಯ ಏರಿಳಿತವನ್ನು ಅಳೆಯುವುದು, ಪ್ರತಿ ಅಳತೆಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 64,000 ಬಿಟ್, ಒಂದು ದೂರವಾಣಿ ಕರೆಗೆ ಬೇಕಾಗುವಷ್ಟು. ಎಷ್ಟು ವೇಗ, ಎಷ್ಟು ಬಿಟ್, ಎಷ್ಟು ಚಾನೆಲ್ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ, ಉತ್ತರ ಒಂದೇ ಆಗಿದ್ದರಿಂದ. ಕಡತವೆಂಬ ವೇಷ ಧ್ವನಿಗೆ ಒಪ್ಪಿದ್ದು ಈ ಕಾರಣಕ್ಕೆ.

ಆ ವೇಷದೊಳಗೆ ಏನು ಅಡಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಡತಕ್ಕೆ ಅನುಕ್ರಮ ಗೊತ್ತು: ಈ ಬೈಟ್ ಆದ ಮೇಲೆ ಆ ಬೈಟ್. ಆದರೆ ಎಷ್ಟು ಹೊತ್ತಿನ ಮೇಲೆ ಎಂಬುದು ಗೊತ್ತಿಲ್ಲ. ಪತ್ರವೊಂದನ್ನು ಇಂದು ಅರ್ಧ, ನಾಳೆ ಅರ್ಧ ಓದಿದರೂ ಅದು ಅದೇ ಪತ್ರ. ಹಾಡು ಹಾಗಲ್ಲ. ಪಲ್ಲವಿಯ ನಡುವೆ ಅರೆಕ್ಷಣ ತಡವರಿಸಿದರೂ ತಾಳ ತಪ್ಪಿತು ಎಂದು ಸಭೆಯಲ್ಲಿ ಕೂತ ಮಗುವಿಗೂ ತಿಳಿಯುತ್ತದೆ. ಧ್ವನಿಯಲ್ಲಿ ಕಾಲವೇ ಅರ್ಧ ವಿಷಯ. ಹಾಗಿದ್ದರೆ ಕ್ಯಾಟ್ ನುಡಿಸಿದ ಮಾತು ಸರಿಯಾದ ವೇಗದಲ್ಲಿ ಕೇಳಿಸಿದ್ದು ಹೇಗೆ? ಕ್ಯಾಟ್ ತನ್ನ ಶಕ್ತಿ ಇದ್ದಷ್ಟು ಬೇಗ ಬರೆಯುತ್ತಲೇ ಇತ್ತು. ಕರ್ನಲ್‌ನಲ್ಲಿ ಧ್ವನಿಗೆಂದು ಮೀಸಲಿಟ್ಟ ಬಫರ್ ತುಂಬಿದೊಡನೆ ಕರ್ನಲ್ ಕ್ಯಾಟ್ ಅನ್ನು ಮಲಗಿಸುತ್ತಿತ್ತು. ಚಿಪ್ ಒಂದಿಷ್ಟು ನುಡಿಸಿ ಜಾಗ ಖಾಲಿಯಾದಾಗ ಎಬ್ಬಿಸುತ್ತಿತ್ತು. ನಿಜವಾದ ಗಡಿಯಾರ ಇದ್ದದ್ದು ಚಿಪ್‌ಗೆ ಲಯ ಕೊಡುತ್ತಿದ್ದ ಸ್ಫಟಿಕದ ಹರಳಿನಲ್ಲಿ. ಕ್ಯಾಟ್ ತಾನೊಂದು ಬಹಳ ನಿಧಾನದ ಡಿಸ್ಕ್‌ಗೆ ಬರೆಯುತ್ತಿದ್ದೇನೆ ಎಂಬ ನಂಬಿಕೆಯಲ್ಲೇ ಕೆಲಸ ಮುಗಿಸುತ್ತಿತ್ತು.

1992ರಲ್ಲಿ ಫಿನ್ಲೆಂಡಿನ ಹನ್ನು ಸವೊಲಾಯಿನೆನ್, ಆಗಷ್ಟೇ ಹುಟ್ಟಿದ್ದ ಲಿನಕ್ಸ್‌ಗೆ ಸೌಂಡ್ ಬ್ಲಾಸ್ಟರ್ ಕಾರ್ಡ್‌ನ ಡ್ರೈವರ್ ಬರೆದರು. ಅದೇ ಬೆಳೆದು ಓಪನ್ ಸೌಂಡ್ ಸಿಸ್ಟಮ್, ಅಂದರೆ ಓಎಸ್‌ಎಸ್, ಆಯಿತು. ಲಿನಕ್ಸ್ ಮಾತ್ರವಲ್ಲ, ಬೇರೆ ಯುನಿಕ್ಸ್‌ಗಳಿಗೂ ಹೋಯಿತು. ಒಂದೇ ಪ್ರೋಗ್ರಾಂ ಹಲವು ವ್ಯವಸ್ಥೆಗಳಲ್ಲಿ ಸದ್ದು ಮಾಡಲಿ ಎಂಬ ಆಸೆಗೆ ಸಿಕ್ಕ ಮೊದಲ ಗಟ್ಟಿ ಉತ್ತರಗಳಲ್ಲಿ ಅದೊಂದು. ಅದರ ಬಾಗಿಲು ‘/ಡೆವ್/ಡಿಎಸ್‌ಪಿ’. ಆದರೆ ಈಗ ಕಾರ್ಡ್‌ಗಳು ದೂರವಾಣಿಯ ಚಿಪ್‌ಗಳಲ್ಲ. 8 ಬಿಟ್, 16 ಬಿಟ್, ಒಂದು ಚಾನೆಲ್, ಎರಡು ಚಾನೆಲ್, 11,025, 22,050, 44,100 ಎಂದು ಹತ್ತಾರು ವೇಗ. ತೆರೆ, ಓದು, ಬರೆ, ಮುಚ್ಚು ಎಂಬ ನಾಲ್ಕರಲ್ಲಿ ಯಾವುದೂ ಇದನ್ನು ಹೇಳಲಾರದು. ಹಾಗಾಗಿ ಯುನಿಕ್ಸ್‌ನ ಹಿತ್ತಿಲ ಬಾಗಿಲು ತೆರೆಯಬೇಕಾಯಿತು: ‘ಐಆಕ್ಟಲ್’ ಎಂಬ ಕರೆ. ನಾಲ್ಕು ಕ್ರಿಯಾಪದಗಳಲ್ಲಿ ಹಿಡಿಸದ್ದನ್ನೆಲ್ಲ ಸಾಧನಕ್ಕೆ ಹೇಳಲು ಇರುವ ದಾರಿ ಅದು. ಮೊದಲು ಬಿಟ್‌ಗಳ ಬಗೆ, ಆಮೇಲೆ ಚಾನೆಲ್‌ಗಳ ಸಂಖ್ಯೆ, ಕೊನೆಗೆ ವೇಗ, ಇದೇ ಕ್ರಮದಲ್ಲಿ ಹೇಳಬೇಕು.

ಇಲ್ಲಿ ಕಲಿಯಬೇಕಾದ ಶಿಸ್ತೊಂದಿದೆ. ಐಆಕ್ಟಲ್‌ನಲ್ಲಿ ನಾವು ಹೇಳುವುದು ಕೋರಿಕೆ ಮಾತ್ರ. ಕಾರ್ಡ್ ತನ್ನಿಂದ ಆಗುವುದನ್ನು ಒಪ್ಪಿಕೊಂಡು, ಒಪ್ಪಿಕೊಂಡದ್ದು ಏನೆಂದು ಅದೇ ಜಾಗದಲ್ಲಿ ಬರೆದು ಹಿಂದಿರುಗಿಸುತ್ತದೆ. 44,100 ಕೇಳಿದಾಗ 48,000 ಮಾತ್ರ ಬಲ್ಲ ಕಾರ್ಡ್ 48,000 ಎಂದು ಉತ್ತರ ಕೊಡಬಹುದು. ಉತ್ತರ ನೋಡದೆ ಬರೆಯುತ್ತ ಹೋದರೆ ಹಾಡು ನಿಲ್ಲುವುದಿಲ್ಲ, ಓಡುತ್ತದೆ. ಒಂದು ಗಂಟೆಯ ಕಛೇರಿ 55 ನಿಮಿಷ ಏಳೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡಿದ್ದು ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ಹೋಗಿ ನಿಲ್ಲುತ್ತದೆ. ಪ್ರೋಗ್ರಾಂ ಮಾತ್ರ ಒಂದೂ ದೋಷ ತೋರಿಸುವುದಿಲ್ಲ, ಬರೆದ ಬೈಟ್‌ಗಳೆಲ್ಲ ಅನುಕ್ರಮದಲ್ಲಿ ಸರಿಯಾಗಿಯೇ ಹೋಗಿರುತ್ತವೆ.

ಅನುಕ್ರಮವೂ ಕೈಕೊಡುವ ಸಂದರ್ಭ ಇಲ್ಲದಿಲ್ಲ. 16 ಬಿಟ್‌ನ ಒಂದು ಅಳತೆಗೆ ಎರಡು ಬೈಟ್ ಬೇಕು. ದೊಡ್ಡ ಬೈಟ್ ಮೊದಲೋ ಚಿಕ್ಕದು ಮೊದಲೋ? ಸನ್‌ನ ಸ್ಪಾರ್ಕ್ ಪ್ರೊಸೆಸರ್ ದೊಡ್ಡದನ್ನು ಮೊದಲಿಡುತ್ತದೆ, ಇಂಟೆಲ್‌ನದು ಚಿಕ್ಕದನ್ನು. ಒಂದರಲ್ಲಿ ಬರೆದಿಟ್ಟ ಹಾಡನ್ನು ಇನ್ನೊಂದರಲ್ಲಿ ಹಾಗೆಯೇ ಸುರಿದರೆ ಬರೀ ಅಬ್ಬರದ ಗದ್ದಲ.

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಆ ಕಾಲದ ಹೆಚ್ಚಿನ ಕಾರ್ಡ್‌ಗಳಲ್ಲಿ ‘/ಡೆವ್/ಡಿಎಸ್‌ಪಿ’ಯನ್ನು ಒಂದು ಪ್ರೋಗ್ರಾಂ ತೆರೆದರೆ ಇನ್ನೊಂದಕ್ಕೆ ಸಿಗುತ್ತಿದ್ದ ಉತ್ತರ ‘ಸಾಧನ ಬಿಡುವಿಲ್ಲ’. ಹಾಡು ಕೇಳುತ್ತಿದ್ದರೆ ಅಂಚೆ ಬಂದ ಗಂಟೆ ಕೇಳಿಸದು. ಎರಡು ಧ್ವನಿಗಳನ್ನು ಕೂಡಿಸುವುದು ಗಣಿತದ ಮಟ್ಟಿಗೆ ಸುಲಭ, ಅಳತೆಗಳನ್ನು ಕೂಡಿದರಾಯಿತು. ಕೂಡಿಸುವವರು ಯಾರು ಎಂಬುದೇ ಜಗಳ. ಇಲ್ಲಿ ಯುನಿಕ್ಸ್ ಕುಟುಂಬ ಬೇರೆ ಬೇರೆ ಒಲೆ ಹೂಡಿತು. ಫ್ರೀಬಿಎಸ್‌ಡಿ ಓಎಸ್‌ಎಸ್‌ನ ಬಾಗಿಲನ್ನೇ ಉಳಿಸಿಕೊಂಡು ಕೂಡಿಸುವ ಕೆಲಸವನ್ನು ಕರ್ನಲ್‌ನೊಳಗೆ ತಂದಿತು. ಓಪನ್‌ಬಿಎಸ್‌ಡಿ ‘ಎಸ್‌ಎನ್‌ಡಿಐಒ’ ಎಂಬ ಚಿಕ್ಕ ಸರ್ವರ್ ಇಟ್ಟಿತು. ಲಿನಕ್ಸ್‌ನಲ್ಲಿ ಜರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಆಲ್ಸಾ, 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನೊಂದಿಗೆ ಓಎಸ್‌ಎಸ್‌ನ ಜಾಗಕ್ಕೆ ಬಂತು. ಆಲ್ಸಾದಲ್ಲಿ ಸಾಧನದ ಕಡತ ಇನ್ನೂ ಇದೆ, ಆದರೆ ಅದನ್ನು ನೇರವಾಗಿ ತೆರೆಯುವವರು ವಿರಳ. ಹೆಚ್ಚಿನವರು ಅದರ ಲೈಬ್ರರಿಯ ಮೂಲಕವೇ ಹೋಗುತ್ತಾರೆ. ಇತ್ತ ಆ್ಯಪಲ್‌ನ ಮ್ಯಾಕ್ ಓಎಸ್ ಟೆನ್, ಒಳಗೆ ಯುನಿಕ್ಸ್ ಆಗಿದ್ದರೂ, ಕೋರ್ ಆಡಿಯೊ ಎಂಬ ಬೇರೆಯದೇ ವ್ಯವಸ್ಥೆ ತಂದಿತು. ಅದರಲ್ಲಿ ತೆರೆದು ಬರೆಯುವ ಕಡತವೇ ಇಲ್ಲ.

ಇಷ್ಟಾದಾಗ ಒಂದೇ ಪ್ರೋಗ್ರಾಂ ಎಲ್ಲ ಕಡೆ ನಡೆಯಬೇಕೆನ್ನುವವರು ಏನು ಮಾಡಬೇಕು? ಮೇಲ್ನೋಟಕ್ಕೆ ಇದು ಹೆಸರುಗಳ ಸಮಸ್ಯೆ. ಅಲ್ಲಿ ಆ ಹೆಸರಿನ ಕರೆ, ಇಲ್ಲಿ ಈ ಹೆಸರಿನ ಕರೆ, ನಡುವೆ ಒಬ್ಬ ದುಭಾಷಿ ಕೂತರೆ ಮುಗಿಯಿತು. ನಿಜವಾದ ಅಂತರ ಹೆಸರುಗಳದ್ದಲ್ಲ. ಕಾಲದ ಹಿಡಿತ ಯಾರ ಕೈಯಲ್ಲಿದೆ ಎಂಬುದರದ್ದು.

ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಒಂದು ಬಗೆಯಲ್ಲಿ ಬಡಿಸುವವರು ತಾವಾಗಿ ಬರುತ್ತಾರೆ, ಎಲೆ ತುಂಬಿದ್ದರೆ ನಿಂತು ಕಾಯುತ್ತಾರೆ, ಜಾಗವಾದಾಗ ಬಡಿಸುತ್ತಾರೆ. ಓಎಸ್‌ಎಸ್‌ಗೆ ಬರೆಯುವುದು ಹೀಗೆ. ಇನ್ನೊಂದು ಬಗೆಯಲ್ಲಿ ಉಣ್ಣುವವರು ಕೂಗುತ್ತಾರೆ, ಕೂಗಿದ ಕ್ಷಣದಲ್ಲೇ ಅನ್ನ ಎಲೆಗೆ ಬೀಳಬೇಕು. ಕೋರ್ ಆಡಿಯೊ ಹೀಗೆ. ನಾವು ಒಂದು ಫಂಕ್ಷನ್ ಬರೆದು ವ್ಯವಸ್ಥೆಗೆ ಒಪ್ಪಿಸುತ್ತೇವೆ, ಧ್ವನಿ ಬೇಕಾದಾಗಲೆಲ್ಲ ವ್ಯವಸ್ಥೆಯೇ ಅದನ್ನು ಕರೆಯುತ್ತದೆ. ಇದಕ್ಕೆ ಕಾಲ್‌ಬ್ಯಾಕ್ ಎಂದು ಹೆಸರು. ಸೆಕೆಂಡಿಗೆ 48,000 ಅಳತೆಗಳ ವೇಗದಲ್ಲಿ, ಸಲಕ್ಕೆ 256 ಅಳತೆ ಕೇಳುತ್ತದೆ ಎಂದುಕೊಳ್ಳಿ. ಎರಡು ಕೂಗುಗಳ ನಡುವೆ ಇರುವುದು 5.3 ಮಿಲಿಸೆಕೆಂಡು. ಅಷ್ಟರಲ್ಲಿ ಮುಂದಿನ 256 ಸಿದ್ಧವಾಗದಿದ್ದರೆ ಕಾರ್ಡ್ ಕಾಯುವುದಿಲ್ಲ. ಇದ್ದುದನ್ನು ನುಡಿಸುತ್ತದೆ ಅಥವಾ ಮೌನ ನುಡಿಸುತ್ತದೆ, ಕೇಳುವವರಿಗೆ ಅದು ‘ಚಟ್’ ಎಂಬ ಸೀಳು.

ಆದ್ದರಿಂದ ಕಾಲ್‌ಬ್ಯಾಕ್‌ನೊಳಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಖಚಿತವಾಗಿ ಹೇಳಲಾಗದ ಯಾವ ಕೆಲಸವನ್ನೂ ಮಾಡಬಾರದು. ಹೊಸ ಮೆಮೊರಿ ಕೇಳಬಾರದು, ಡಿಸ್ಕ್ ಓದಬಾರದು, ಇನ್ನೊಂದು ಥ್ರೆಡ್ ಹಿಡಿದಿರುವ ಬೀಗಕ್ಕಾಗಿ ಕಾಯಬಾರದು, ದೋಷ ಹುಡುಕಲೆಂದು ತೆರೆಯ ಮೇಲೆ ಒಂದು ಸಾಲು ಮುದ್ರಿಸಲೂ ಬಾರದು. ಈ ಕೆಲಸಗಳು ಸಾಮಾನ್ಯವಾಗಿ ಬೇಗನೇ ಮುಗಿಯುತ್ತವೆ, ಹಾಗಾಗಿಯೇ ಅಪಾಯ. ಸಾವಿರ ಸಲ ನಡೆದು ಸಾವಿರದ ಒಂದನೆಯ ಸಲ ಕೈಕೊಡುತ್ತವೆ. ಅನುಭವಿಗಳು ಬೇರೊಂದು ಥ್ರೆಡ್‌ನಲ್ಲಿ ಧ್ವನಿಯನ್ನು ಮೊದಲೇ ಸಿದ್ಧಪಡಿಸಿ ರಿಂಗ್ ಬಫರ್‌ನಲ್ಲಿ ಇಡುತ್ತಾರೆ. ಅದು ಬಾಲ ತಲೆಗೆ ಕೂಡಿಕೊಂಡಿರುವ ಸಾಲು: ಒಂದು ತುದಿಯಲ್ಲಿ ಒಬ್ಬರೇ ತುಂಬುವವರು, ಇನ್ನೊಂದು ತುದಿಯಲ್ಲಿ ಒಬ್ಬರೇ ತೆಗೆಯುವವರು, ನಡುವೆ ಬೀಗ ಬೇಕಿಲ್ಲ.

2001ರಲ್ಲಿ ಕ್ಯೂಬಾದ ಹವಾನಾದಲ್ಲಿ ನಡೆದ ಅಂತಾರಾಷ್ಟ್ರೀಯ ಗಣಕ ಸಂಗೀತ ಸಮ್ಮೇಳನದಲ್ಲಿ ರಾಸ್ ಬೆನ್ಸಿನಾ ಮತ್ತು ಫಿಲ್ ಬರ್ಕ್ ಪೋರ್ಟ್‌ಆಡಿಯೊ ಎಂಬ ಲೈಬ್ರರಿಯನ್ನು ಪರಿಚಯಿಸಿದರು. ಅವರು ಆರಿಸಿಕೊಂಡದ್ದು ಕಾಲ್‌ಬ್ಯಾಕ್ ದಾರಿ. ಕೂಗಿ ಕೇಳುವ ವ್ಯವಸ್ಥೆಯಲ್ಲಿ ಅದು ನೇರವಾಗಿ ಕೂತುಕೊಳ್ಳುತ್ತದೆ. ಬರೆದು ಕಾಯುವ ಓಎಸ್‌ಎಸ್‌ನಲ್ಲಿ ಲೈಬ್ರರಿಯೇ ಒಂದು ಥ್ರೆಡ್ ಇಟ್ಟುಕೊಂಡು, ನಮ್ಮ ಫಂಕ್ಷನ್ ಕರೆಯುವುದು, ಬಂದದ್ದನ್ನು ಸಾಧನಕ್ಕೆ ಬರೆಯುವುದು, ಮತ್ತೆ ಕರೆಯುವುದು ಎಂದು ಸುತ್ತುತ್ತದೆ. ತಿರುಗುಮುರುಗು ಮಾಡಿದರೆ, ಅಂದರೆ ಕೂಗುವ ವ್ಯವಸ್ಥೆಯ ಮೇಲೆ ಬರೆಯುವ ಸೌಕರ್ಯ ಕಟ್ಟಹೊರಟರೆ, ನಡುವೆ ರಿಂಗ್ ಬಫರ್ ಬೇಕೇ ಬೇಕು, ಅದರಷ್ಟು ಹೆಚ್ಚಿನ ತಡವನ್ನೂ ಒಪ್ಪಿಕೊಳ್ಳಬೇಕು. ಕಠಿಣವಾದದ್ದನ್ನು ಅಡಿಪಾಯವಾಗಿ ಇಟ್ಟುಕೊಂಡ ಈ ಆಯ್ಕೆ ನನ್ನ ದೃಷ್ಟಿಯಲ್ಲಿ ಬಹಳ ಸರಿಯಾದದ್ದು. ನಮ್ಮಲ್ಲಿ ಎಷ್ಟೋ ಮಂದಿ ಧ್ವನಿ ಕತ್ತರಿಸಲು, ಜೋಡಿಸಲು ಬಳಸುವ ಆಡಾಸಿಟಿ ನಿಂತಿರುವುದು ಪೋರ್ಟ್‌ಆಡಿಯೊ ಮೇಲೆಯೇ.

ಎಲ್ಲರಿಗೂ ಅಷ್ಟು ಬಿಗಿ ಬೇಕಿಲ್ಲ. ಝಿಫ್ ಬಳಗದ ‘ಲಿಬ್‌ಎಒ’ ಸಾಧನ ತೆರೆದು, ನುಡಿಸಿ, ಮುಚ್ಚುವ ಸರಳ ಕೆಲಸಕ್ಕೆ. ಆಟಗಳನ್ನು ಬರೆಯುವವರಿಗೆ ಸ್ಯಾಮ್ ಲಂಟಿಂಗಾ 1998ರಲ್ಲಿ ತಂದ ಎಸ್‌ಡಿಎಲ್ ಇದೆ. ಅದೂ ಮೊದಲು ಕಾಲ್‌ಬ್ಯಾಕ್ ಮಾತ್ರ ಕೊಟ್ಟು, ಆಮೇಲೆ ಬಡಿಸುವ ದಾರಿಯನ್ನೂ ತೆರೆದು, ಮೂರನೆಯ ಆವೃತ್ತಿಯಲ್ಲಿ ‘ಆಡಿಯೊ ಸ್ಟ್ರೀಮ್’ ಎಂಬ ಕಾಲುವೆಯ ಸುತ್ತಲೇ ಎಲ್ಲವನ್ನೂ ಮರುಕಟ್ಟಿತು.

ಈಗ ಬರೆದ ಬೈಟ್ ಕಿವಿಗೆ ತಲಪುವುದು ಯಾವಾಗ? ಕಡತಕ್ಕೆ ಎಂದೂ ಕೇಳಬೇಕಾಗದ ಪ್ರಶ್ನೆ ಇದು, ಧ್ವನಿಯ ಸಾಧನಕ್ಕೆ ಕೇಳಲೇಬೇಕಾದದ್ದು. ಓಎಸ್‌ಎಸ್, ಆಲ್ಸಾ, ಪೋರ್ಟ್‌ಆಡಿಯೊ, ಮುಂದೆ ಬರುವ ಪಲ್ಸ್‌ಆಡಿಯೊ, ಎಲ್ಲದರಲ್ಲೂ ಇದನ್ನು ಕೇಳಲು ಒಂದೊಂದು ದಾರಿ ಇದೆ. ಚಲನಚಿತ್ರ ತೋರಿಸುವ ಪ್ರೋಗ್ರಾಂಗಳು ಸಾಮಾನ್ಯವಾಗಿ ಈ ಉತ್ತರವನ್ನೇ ತಮ್ಮ ಗಡಿಯಾರವಾಗಿ ಇಟ್ಟುಕೊಳ್ಳುತ್ತವೆ: ಕಿವಿಗೆ ಎಷ್ಟು ಕೇಳಿಸಿದೆಯೋ ಅದಕ್ಕೆ ಹೊಂದುವ ಚಿತ್ರವನ್ನು ತೋರಿಸುತ್ತವೆ. ಚಿತ್ರವೊಂದು ಬಿಟ್ಟುಹೋದರೆ ಕಣ್ಣು ಕ್ಷಮಿಸುತ್ತದೆ, ಧ್ವನಿಯ ಸೀಳನ್ನು ಕಿವಿ ಕ್ಷಮಿಸುವುದಿಲ್ಲ.

ಗಡಿಯಾರ ಎರಡಾದರೆ ಇನ್ನೊಂದು ಪೇಚು. ಯುಎಸ್‌ಬಿ ಮೈಕಿನ ಹರಳು ಬೇರೆ, ಸ್ಪೀಕರ್ ನಡೆಸುವ ಕಾರ್ಡ್‌ನ ಹರಳು ಬೇರೆ. ಎರಡರ ಮೇಲೂ 48,000 ಎಂದೇ ಬರೆದಿರುತ್ತದೆ. ಅವುಗಳ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 8,640 ಅಳತೆಗಳು ಹೆಚ್ಚೋ ಕಡಿಮೆಯೋ ಆಗುತ್ತವೆ. ಬಫರ್ ನಿಧಾನವಾಗಿ ತುಂಬುತ್ತ ಹೋಗಿ ಉಕ್ಕುತ್ತದೆ, ಇಲ್ಲವೇ ಬತ್ತುತ್ತದೆ. ಬಫರ್‌ನ ಮಟ್ಟ ನೋಡಿಕೊಂಡು ಒಂದು ಧ್ವನಿಯನ್ನು ಕೂದಲೆಳೆಯಷ್ಟು ಹಿಗ್ಗಿಸುವುದೋ ಕುಗ್ಗಿಸುವುದೋ ಒಂದೇ ಪರಿಹಾರ. ಇಂಥ ಕೆಲಸ ಪ್ರತಿ ಪ್ರೋಗ್ರಾಂ ಬರೆಯುವವರ ತಲೆಗೆ ಬರಬಾರದೆಂದೇ ಧ್ವನಿ ಸರ್ವರ್‌ಗಳು ಬೇಕಾದವು. ಅಂಥ ಸರ್ವರ್‌ಗಳಲ್ಲೊಂದಾದ ಪಲ್ಸ್‌ಆಡಿಯೊ 2007ರಲ್ಲಿ ಫೆಡೋರಾ 8ರೊಂದಿಗೆ ಲಿನಕ್ಸ್‌ನ ಸಾಮಾನ್ಯ ಬಳಕೆದಾರರನ್ನು ತಲಪಿತು. ವಿಮ್ ಟೈಮನ್ಸ್ ಕಟ್ಟಿದ ಪೈಪ್‌ವೈರ್ 2021ರಲ್ಲಿ ಫೆಡೋರಾ 34ರಲ್ಲಿ ಅದರ ಜಾಗಕ್ಕೆ ಬಂತು. ಪಲ್ಸ್‌ಆಡಿಯೊಗೆಂದು ಬರೆದ ಪ್ರೋಗ್ರಾಂಗಳು, ಸಂಗೀತಗಾರರು ಬಳಸುವ ಜ್ಯಾಕ್ ಎಂಬ ಸರ್ವರ್‌ಗೆಂದು ಬರೆದವು, ನೇರ ಆಲ್ಸಾಕ್ಕೆ ಬರೆದವು, ಎಲ್ಲಕ್ಕೂ ಅವುಗಳ ಹಳೆಯ ಭಾಷೆಯಲ್ಲೇ ಅದು ಉತ್ತರ ಕೊಡುತ್ತದೆ. ಹಳೆಯ ಪ್ರೋಗ್ರಾಂಗಳನ್ನು ಯಾರೂ ತಿದ್ದಬೇಕಾಗಲಿಲ್ಲ ಎಂಬುದೇ ಅದರ ಗೆಲುವಿನ ಮುಖ್ಯ ಕಾರಣ ಎಂದು ನಾನು ತಿಳಿದಿದ್ದೇನೆ.

ಈ ಇಡೀ ಸರಪಳಿ ಎಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಸ್ಟುಡಿಯೊಗೆ ಹೋಗಬೇಕಿಲ್ಲ. ಕಣ್ಣು ಕಾಣದವರೊಬ್ಬರು ಲಿನಕ್ಸ್‌ನಲ್ಲಿ ಕನ್ನಡ ಓದುವುದನ್ನು ಗಮನಿಸಿದರೆ ಸಾಕು. ಅವರ ಪಾಲಿಗೆ ಧ್ವನಿಯ ಸಾಧನವೇ ತೆರೆ. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿರುವ ಆರ್ಕಾ ಎಂಬ ಸ್ಕ್ರೀನ್ ರೀಡರ್ ತೆರೆಯ ಮೇಲಿನ ಪದಗಳನ್ನು ಸ್ಪೀಚ್ ಡಿಸ್ಪ್ಯಾಚರ್‌ಗೆ ಕೊಡುತ್ತದೆ. ಅದು ಪದಗಳನ್ನು ಮಾತಾಗಿಸುವ ಇಸ್ಪೀಕ್ ಎನ್‌ಜಿಗೆ ಒಪ್ಪಿಸುತ್ತದೆ. ಜೊನಾಥನ್ ಡಡಿಂಗ್ಟನ್ ಆರಂಭಿಸಿದ ಇಸ್ಪೀಕ್‌ನಿಂದ ಬೆಳೆದ ಇದು ಬಲ್ಲ ನುಡಿಗಳಲ್ಲಿ ಕನ್ನಡವೂ ಒಂದು. ಅದು ಸೆಕೆಂಡಿಗೆ 22,050 ಅಳತೆಗಳಲ್ಲಿ ಮಾತನ್ನು ಹೆಣೆಯುತ್ತದೆ. ಕಾರ್ಡ್ 48,000 ಬೇಡಿದರೆ ಪ್ರತಿ 147 ಅಳತೆಗೆ 320 ಹೊಸ ಅಳತೆ ಲೆಕ್ಕ ಹಾಕಿ ಕೊಡಬೇಕು. ಸ್ಪೀಚ್ ಡಿಸ್ಪ್ಯಾಚರ್‌ನಲ್ಲಿ ಓಎಸ್‌ಎಸ್, ಆಲ್ಸಾ, ಪಲ್ಸ್‌ಆಡಿಯೊ, ಲಿಬ್‌ಎಒ ಎಂದು ಒಂದೊಂದಕ್ಕೂ ಬೇರೆ ಬೇರೆ ತುಣುಕು ಬರೆದಿಟ್ಟಿದ್ದಾರೆ. ಯಾವ ಯಂತ್ರದಲ್ಲೂ ದನಿ ಅಡಗಬಾರದು ಎಂಬ ಕಾಳಜಿ ಅದು. ಪಲ್ಸ್‌ಆಡಿಯೊ ಪ್ರತಿ ಬಳಕೆದಾರರಿಗೂ ಪ್ರತ್ಯೇಕವಾಗಿ ಓಡುವ ಸರ್ವರ್. ಯಂತ್ರ ಏಳುತ್ತಿರುವಾಗಲೇ, ಯಾರೂ ಲಾಗಿನ್ ಆಗುವ ಮೊದಲೇ ಮಾತಾಡಬೇಕಾದ ರೀಡರ್‌ಗೆ ಈ ಏರ್ಪಾಟು ಒಗ್ಗದೆ ಕಣ್ಣು ಕಾಣದ ಬಳಕೆದಾರರು ಪಟ್ಟ ಪಾಡು ಸಣ್ಣದಲ್ಲ.

ಆಲ್ಸಾದಲ್ಲಿ ಸಾಧನಕ್ಕೆ ಹೇಳುವ, ಇಂಥ ಓದಿಗೆ ಬಹಳ ಮುಖ್ಯವಾದ ಎರಡು ಮಾತುಗಳಿವೆ, ‘ಡ್ರೇನ್’ ಮತ್ತು ‘ಡ್ರಾಪ್’. ಬಫರ್‌ನಲ್ಲಿ ಉಳಿದದ್ದನ್ನೆಲ್ಲ ನುಡಿಸಿ ಮುಗಿಸು ಎನ್ನುವುದು ಮೊದಲನೆಯದು. ಉಳಿದದ್ದನ್ನು ಈ ಕ್ಷಣವೇ ಚೆಲ್ಲಿಬಿಡು ಎನ್ನುವುದು ಎರಡನೆಯದು. ಪ್ರೋಗ್ರಾಂ ಎಲ್ಲವನ್ನೂ ಬರೆದಾದ ಮೇಲೆ ಡ್ರೇನ್ ಹೇಳದೆ ಸಾಧನ ಮುಚ್ಚಿದರೆ, ಬರೆದಿದ್ದರೂ ಇನ್ನೂ ನುಡಿಯದ ಕೊನೆಯ ತುಣುಕು ಕಳೆದುಹೋಗುತ್ತದೆ. 4,096 ಅಳತೆಗಳ ಬಫರ್ ಎಂದರೆ ಇಸ್ಪೀಕ್‌ನ ವೇಗದಲ್ಲಿ ಸುಮಾರು 186 ಮಿಲಿಸೆಕೆಂಡು. ಸಂಗೀತದಲ್ಲಿ ಅದು ಕೊನೆಯ ಸ್ವರದ ಬಾಲ. ಕನ್ನಡದಲ್ಲಿ ಹಾಗಲ್ಲ. ನಮ್ಮ ಕ್ರಿಯಾಪದದ ಕೊನೆಯಲ್ಲೇ ವಾಕ್ಯದ ಜೀವ ಇರುವುದು. ರೀಡರ್ ವೇಗವಾಗಿ ಓದುವಾಗ ‘ಹಣ ಜಮೆ ಆಗಲಿಲ್ಲ’ ಎಂಬುದರ ತುದಿ ಕತ್ತರಿಸಿಹೋದರೆ ಕೇಳಿಸುವುದು ‘ಹಣ ಜಮೆ ಆಗಲಿ’.

ಡ್ರಾಪ್‌ನ ತೂಕವೂ ಅಷ್ಟೇ. ಕಣ್ಣಿದ್ದವರು ಬೇಡದ ಸಾಲನ್ನು ನೋಡದೆ ಮುಂದೆ ಹೋಗುತ್ತಾರೆ. ಕಿವಿಯಿಂದ ಓದುವವರು ಬಾಣದ ಕೀಲಿ ಒತ್ತಿ ಮುಂದಿನ ಸಾಲಿಗೆ ಹೋಗುತ್ತಾರೆ, ಹಳೆಯ ಸಾಲಿನ ಮಾತು ಆಗಲೇ ನಿಲ್ಲಬೇಕು. ವಿದ್ಯುತ್ ಉಳಿಸಲೆಂದು ಪಲ್ಸ್‌ಆಡಿಯೊ ಎರಡು ಸೆಕೆಂಡಿನಷ್ಟು ಧ್ವನಿಯನ್ನೂ ಮುಂಗಡವಾಗಿ ಬಫರ್‌ಗೆ ತುಂಬಿಸಬಲ್ಲದು. ಹಾಗೆ ತುಂಬಿದ್ದನ್ನು, ಇನ್ನೂ ನುಡಿಯದ ಭಾಗವನ್ನು, ಹಿಂದಕ್ಕೆ ಹೋಗಿ ಅಳಿಸಿ ಬೇರೆ ಬರೆಯುವುದನ್ನೂ ಅದು ಕಲಿತದ್ದು ಇಂಥ ಅಗತ್ಯಗಳಿಗಾಗಿಯೇ. ಕೀಲಿ ಒತ್ತಿದ ಬೆರಳು ಮೇಲೇಳುವ ಮೊದಲು ಆ ಸುದ್ದಿ ಆರ್ಕಾದಿಂದ ಸ್ಪೀಚ್ ಡಿಸ್ಪ್ಯಾಚರ್‌ಗೆ, ಅಲ್ಲಿಂದ ಸರ್ವರ್‌ಗೆ, ಕರ್ನಲ್‌ಗೆ, ಕಾರ್ಡ್‌ಗೆ ಇಳಿಯುತ್ತದೆ. ಹಳೆಯ ವಾಕ್ಯ ಪದದ ನಡುವೆಯೇ ನಿಂತು, ಹೊಸ ಸಾಲಿನ ಮೊದಲ ಅಕ್ಷರ ಕೇಳಿಸುತ್ತದೆ.